ಪ್ಯಾರಟ್ ಮೀನಿನ ಹೆಣ್ಣು

"ಈ ಹೆಣ್ಣು ಸರಿಯಿಲ್ಲ ಕಣ್ರೀ. ಬೇರೆ ಕೊಡಿ."

ಆನೇಮಹಲ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಧರ್ಮ ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ಕೌಂಟರ್ ಮೇಲಿಟ್ಟ. ಒಳಗೆ ಕಿತ್ತಳೆ ಬಣ್ಣದ ಪ್ಯಾರಟ್ ಮೀನು, ಹುಟ್ಟಿನಿಂದಲೇ ಮುಚ್ಚಲು ಬಾರದ ಬಾಯನ್ನು ತೆರೆದುಕೊಂಡು ನಿಂತಿತ್ತು. ಸಕಲೇಶಪುರಕ್ಕೆ ಅಕ್ವೇರಿಯಂ ಹುಚ್ಚು ಹಿಡಿದಿದ್ದ 2004ನೇ ಇಸವಿ. ಊರಿಗೆ ಇದ್ದದ್ದು ಬಿಂದುಶ್ರೀಯ ಅಂಗಡಿ ಒಂದೇ.

"ಮೂರು ಸಲ ಮೊಟ್ಟೆ ಇಡ್ತು. ಎರಡೇ ದಿನಕ್ಕೆ ಎಲ್ಲಾ ಬೆಳ್ಳಗಾಗಿ ಬೂಸ್ಟು ಹಿಡ್ಕೊಂಬುಡ್ತು."

ಬಿಂದುಶ್ರೀಗೆ ಮೈಯೆಲ್ಲ ಉರಿಯಿತು. "ಮೊಟ್ಟೆ ಇಟ್ಟಿದ್ದು ಯಾರು? ಹೆಣ್ಣು ತಾನೆ? ಅದರ ಕೆಲ್ಸ ಅದು ಮಾಡೈತೆ. ಬಣ್ಣ ಬರ್ಲಿ, ಮೈ ದುಂಡಗಾಗ್ಲಿ ಅಂತ ಎರಡು ಜಾತಿ ಬೆರೆಸಿದ ಮೀನು ಇದು. ಇದರಾಗೆ ಗಂಡಿಗೇ ಶಕ್ತಿ ಇರಲ್ಲ. ಅದನ್ಯಾಕೆ ತರ್ಲಿಲ್ಲ?"

"ಗಂಡು ನೋಡೋಕೆ ಚೆನ್ನಾಗೈತಲ್ಲ..."

"ನನ್ ಗಂಡನೂ ನೋಡೋಕೆ ಚೆನ್ನಾಗೇ ಇದ್ದ. ಹೊರಡ್ರೀ!"

ಆ ಮಾತಿನ ಅರ್ಥ ಧರ್ಮನಿಗೆ ತಿಳಿದದ್ದು ಪಕ್ಕದ ಟೀ ಅಂಗಡಿಯಲ್ಲಿ. ಮಕ್ಕಳಾಗಲಿಲ್ಲವೆಂದು ಹೊಂಗಡಹಳ್ಳದ ಗಂಡನ ಮನೆಯವರು ಆರು ವರ್ಷದ ಮೇಲೆ ಅವಳನ್ನು ವಾಪಸ್ ಕಳಿಸಿದ್ದರು. ಅವನು ಅರ್ಧ ಟೀ ಬಿಟ್ಟು ಎದ್ದ.

ಮಾರನೇ ದಿನ ಕ್ಷಮೆ ಕೇಳಲು ಹೋದ. ಅವಳು ಮುಖ ನೋಡದೆ, ಬೆರಕೆಯಲ್ಲದ, ಪಟ್ಟೆ ಪಟ್ಟೆಯ ಸಾದಾ ಗಂಡು ಮೀನೊಂದನ್ನು ಅವನತ್ತ ತಳ್ಳಿದಳು. "ಆ ಹೆಣ್ಣಿನ ಜೊತೆ ಇದನ್ನ ಬಿಟ್ಟು ನೋಡಿ."

ಮರಿಗಳಾದವು. ಸುದ್ದಿ ಹೇಳಲು ಓಡಿಬಂದವನಿಗೆ ಸಿಕ್ಕಿದ್ದು "ಈಗ ಹೆಣ್ಣು ಸರಿಹೋಯ್ತಾ?" ಎಂಬ ಕೊಂಕು. ಆದರೂ ಅವನು ವಾರವಾರ ಮೀನಿನ ಆಹಾರ ಕೊಳ್ಳಲು ಬಂದ. ಅವನ ಕಣ್ಣು ತನ್ನ ಜಡೆಯ ಹಿಂದೆಯೇ ಸುತ್ತುವುದು ತೊಟ್ಟಿಯ ಗಾಜಿನಲ್ಲಿ ಕಂಡಾಗ, ಅವಳು ಬೇಕೆಂದೇ ಬಲೆ ಕೊಡವಿ ಅವನ ಅಂಗಿಗೆ ನೀರು ಹಾರಿಸಿದಳು. ಅವನು ನಕ್ಕ. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಒಂದು ದಿನ ಕೇಳಿಯೇಬಿಟ್ಟ. "ನನ್ನ ಮದ್ವೆ ಆಗ್ತೀರಾ?"

"ನಿಮ್ಮವ್ವ ಏನಂದ್ರು? ಅವಳಿಗೆ ಮಕ್ಕಳಾಗಲ್ಲ ಅಂದ್ರು ತಾನೆ?"

ಧರ್ಮ ಹೌದೆಂದು ತಲೆಯಾಡಿಸಿದ.

"ಮೊದ್ಲು ನೀವು ಹಾಸನಕ್ಕೆ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಆರು ವರ್ಷ ನನ್ನನ್ನೇ ಚುಚ್ಚಿ ಚುಚ್ಚಿ ನೋಡಿದ್ರು. ನನ್ ಗಂಡ ಒಂದು ದಿನವೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ."

ಎರಡು ವಾರ ಅವನ ಸುಳಿವಿಲ್ಲ. ಇವನೂ ಅಷ್ಟೇ ಎಂದುಕೊಂಡಳು. ಬಸ್ಸು ನಿಂತಾಗಲೆಲ್ಲ ಕತ್ತು ಹೊರಳಿಸುತ್ತಿದ್ದ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಕೊನೆಗೆ ಬಂದ. ರಿಪೋರ್ಟನ್ನು ಕೌಂಟರ್ ಮೇಲಿಟ್ಟ. "ನನ್ನಲ್ಲೇ ಕಮ್ಮಿಯಂತೆ. ಮಕ್ಕಳಾಗೋದು ಕಷ್ಟ ಅಂದ್ರು ಡಾಕ್ಟ್ರು."

"ಬಚ್ಚಿಡಬಹುದಿತ್ತಲ್ಲ?"

"ಬಚ್ಚಿಟ್ರೆ ನಾಳೆ ನಮ್ಮವ್ವ ನಿಮ್ಮನ್ನೇ ಅಂತಿದ್ಲು. ಬೆಳಿಗ್ಗೆ ಅವಳಿಗೆ ಹೇಳ್ಬುಟ್ಟೇ ಬಂದೆ. ಎಸ್ಟೇಟಿನ ಲೈನ್ ಮನೆಗಳಿಗೆಲ್ಲ ಕೇಳಂಗೆ ಅತ್ಲು." ಅವನು ತಿರುಗಿದ. "ಇನ್ನು ನಿಮ್ಮನ್ನ ಕೇಳೋ ಮುಖ ನಂಗಿಲ್ಲ."

"ನಿಲ್ರೀ!" ಅವಳ ದನಿಗೆ ಬೀದಿಯವರೆಲ್ಲ ತಿರುಗಿದರು. "ಆರು ವರ್ಷ ಬೈಸ್ಕೊಂಡೆ. ತಪ್ಪು ನಂದಿರಬಹುದು ಅಂತ ಒಬ್ಬ ಗಂಡಸೂ ಬಾಯಿಬಿಡಲಿಲ್ಲ. ಹೇಳಿದವನು ನೀವೊಬ್ರು. ನೀವೂ ಹಿಂಗೆ ಹೊರಟ್ರೆ ನಾನು..."

ಅವಳು ಕೌಂಟರ್ ದಾಟಿ ಬಂದು, ಒದ್ದೆ ಕೈಯಲ್ಲೇ ಅವನ ತೋಳು ಹಿಡಿದಳು.

"ಭಾನುವಾರ ನಿಮ್ಮ ಮನೆಗೆ ಬರ್ತೀನಿ. ನಿಮ್ಮವ್ವ ಬೈಯೋದಿದ್ರೆ ಇಬ್ಬರನ್ನೂ ಕೂರಿಸ್ಕೊಂಡು ಬೈಲಿ."