ಮುಂದಿನ ಸೀಟು

ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಚಿನ್ನಸ್ವಾಮಿ ಓಡಿಸುವ ಲಾರಿ ಇದ್ದಿಲಿನ ಗ್ಯಾಸು ಕುಡಿದು ಓಡುತ್ತಿತ್ತು. ಒಲೆಯಂಥ ದೊಡ್ಡ ಡ್ರಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಜಡಿಗೇನಹಳ್ಳಿಯಿಂದ ಬೆಂಗಳೂರಿಗೆ ತರಕಾರಿ ಹೊರುತ್ತಿತ್ತು. ಮೂಟೆಗಳ ಮೇಲೆ ದಾರಿಯ ಜನರನ್ನೂ.

ಒಂದು ಸೋಮವಾರ ಮುತ್ಯಾಲಮ್ಮ ಸೆರಗು ಸಿಕ್ಕಿಸಿ ಮೂಟೆ ಹತ್ತಲು ಕಾಲೆತ್ತಿದಾಗ ಅವನು, "ಮುಂದೆ ಬಂದು ನನ್ ಪಕ್ಕ ಕೂತ್ಕೋ," ಎಂದ.

ಅವಳು ಕಾಲು ಇಳಿಸಿದಳು. "ಡ್ರೈವರಣ್ಣ, ನಿಮ್ಮನೇಲಿ ಅಕ್ಕತಂಗೀರಿಲ್ವಾ?"

ಮೇಲೆ ಕೂತವರು ನಕ್ಕರು. ಡ್ರಮ್ಮಿನಿಂದ ಕಿಡಿ ಹಾರುತ್ತದೆ, ಮೇಲೆ ಉಳಿದಿರುವ ಜಾಗ ಅದರ ಪಕ್ಕದ್ದೇ ಎಂದು ಅವನು ಹೇಳುವ ಮೊದಲೇ ಅವಳು ಮೂಟೆ ಹತ್ತಿ ಕೂತಿದ್ದಳು. ಹೊಸಕೋಟೆ ಬರುವಷ್ಟರಲ್ಲಿ ಅವಳ ಸೀರೆಯ ಅಂಚಿಗೆ ಮೂರು ತೂತು ಬಿದ್ದಿದ್ದವು. ಇಳಿದು ಬಂದು, ಒಂದು ತೂತಿನೊಳಗೆ ಬೆರಳು ತೂರಿಸಿ ಅವನ ಮುಖಕ್ಕೆ ಹಿಡಿದಳು.

"ಇದನ್ನ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?"

"ಹೇಳಕ್ಕೆ ನೀನು ಬಿಟ್ಟಿದ್ರೆ ತಾನೆ."

ನಗು ತಡೆಯಲು ತುಟಿ ಕಚ್ಚಿಕೊಂಡು ಅವಳು ಮುಂದೆ ಹತ್ತಿದಳು.

ಅಲ್ಲಿಂದ ಪ್ರತಿ ಸೋಮವಾರ ಅವಳ ಜಾಗ ಅದೇ. ಬೆಂಗಳೂರಿನಲ್ಲಿ ಸಿಪಾಯಿಗಳ ಗುಡಾರ ಹೊಲಿಯುವ ಶೆಡ್ಡಿನಲ್ಲಿ ಅವಳಿಗೆ ಕೆಲಸ. ವಾರವೆಲ್ಲ ಅಕ್ಕನ ಮನೆಯಲ್ಲಿ ವಾಸ. ದಿಬ್ಬ ಬಂದರೆ ಲಾರಿ ಏದುಸಿರು ಬಿಡುತ್ತಾ ಎತ್ತಿನ ಗಾಡಿಗಿಂತ ನಿಧಾನವಾಗುತ್ತಿತ್ತು. ಅವನಿಗೆ ದಿಬ್ಬಗಳ ಮೇಲೆ ಪ್ರೀತಿ ಹುಟ್ಟಿತು. ಸೂಜಿ ಚುಚ್ಚಿ ಗಟ್ಟಿಯಾದ ಅವಳ ಬೆರಳುಗಳನ್ನು ಕದ್ದು ನೋಡುತ್ತಿದ್ದ.

"ರಸ್ತೆ ಆ ಕಡೆ ಐತೆ," ಎನ್ನುತ್ತಿದ್ದಳು ಅವಳು, ಮುಖ ತಿರುಗಿಸದೆ.

ಒಂದು ದಿನ ಅವಳ ಬಾಯಿಂದ 'ಅಣ್ಣ' ಬಿದ್ದುಹೋಗಿ ಬರೀ 'ಡ್ರೈವರು' ಉಳಿಯಿತು. ಇಬ್ಬರಿಗೂ ಅದು ಕೇಳಿಸಿತು. ಇಬ್ಬರೂ ಕಿಟಕಿಯಾಚೆ ನೋಡಿದರು.

ಸುದ್ದಿ ಲಾರಿಯ ಮಾಲೀಕ ವೆಂಕಟರಾಯಪ್ಪನಿಗೆ ಮುಟ್ಟಿತು.

"ಮೇಲೆ ಎಷ್ಟ್ ಜನನ ಹತ್ತಿಸ್ಕೊಂಡ್ರೂ ನಾನು ಕೇಳಲ್ಲ ಕಣೋ. ಆ ಸೀಟು ನಾನು ಕೂರೋದು. ಊರಾಚೆ ಕೇರಿಯೋಳ್ನ ಅಲ್ಲಿ ಕೂರಿಸ್ತೀಯಾ? ಸ್ಟೀರಿಂಗು ಬೇಕೋ ಬೇಡ್ವೋ ನಿಂಗೆ?"

ಬೆಳಗಿನ ಜಾವ ಡ್ರಮ್ಮಿಗೆ ಬೆಂಕಿ ಹಾಕುವವನು ಚಿನ್ನಸ್ವಾಮಿ. ಲಾರಿ ಕೆಟ್ಟರೆ ಅದರಡಿಗೆ ತೂರಿ ಮಲಗುವವನೂ ಅವನೇ. ಅವನ ಪಕ್ಕದಲ್ಲಿ ಯಾರು ಉಸಿರಾಡಬೇಕು ಎಂದು ಹೇಳುವವನು ಮಾತ್ರ ಬೇರೆ. ಆದರೂ ಚಿನ್ನಸ್ವಾಮಿ ಆಗಲಿ ಎಂದು ತಲೆಯಾಡಿಸಿದ. ಐದು ವರ್ಷ ಕ್ಲೀನರಾಗಿ ಮಸಿ ಒರೆಸಿದ ಮೇಲೆ ಕೈಗೆ ಬಂದ ಸ್ಟೀರಿಂಗು ಅದು.

ಮುಂದಿನ ಸೋಮವಾರ ವೆಂಕಟರಾಯಪ್ಪನೇ ಬಂದು ಆ ಸೀಟಿನಲ್ಲಿ ಕೂತಿದ್ದ. ಚಿನ್ನಸ್ವಾಮಿ ಕೆಳಗಿಳಿದು ಮುತ್ಯಾಲಮ್ಮನ ಕೈಗೆ ಒದ್ದೆ ಗೋಣಿಚೀಲ ಕೊಟ್ಟ.

"ಮೇಲೆ ಕೂತ್ಕೋ. ಇದನ್ನ ಹೊದ್ಕೊಂಡ್ರೆ ಕಿಡಿ ತಾಗಲ್ಲ."

ಅವಳು ಸೀಟು ನೋಡಿದಳು, ಚೀಲ ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಚೀಲವನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೇ ಕೊಟ್ಟು, ಹೊಸಕೋಟೆಯ ದಾರಿ ಹಿಡಿದು ನಡೆದುಬಿಟ್ಟಳು.

ಅವನು ನಿಂತೇ ಇದ್ದ. ಚೀಲದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಲೇ, ಗ್ಯಾಸು ಆರೋಗುತ್ತೆ, ಹತ್ತೋ," ಎಂದು ವೆಂಕಟರಾಯಪ್ಪ ಕೂಗಿದ.

ಚಿನ್ನಸ್ವಾಮಿ ಲಾರಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲನ್ನು ತೆಗೆದು ಮಾಲೀಕನ ತೊಡೆಯ ಮೇಲಿಟ್ಟ. "ಎರಡು ಸೀಟೂ ನಿಮ್ದೇ ಯಜಮಾನ್ರೆ. ಕೂತಿರಿ."

ಹುಣಸೆ ತೋಪಿನ ಹತ್ತಿರ ಅವಳನ್ನು ಸೇರಿಕೊಂಡ. ಅವಳು ನಿಲ್ಲಲಿಲ್ಲ.

"ಕೆಲ್ಸ ಬಿಟ್ಯಾ? ಬಿಡು ಅಂತ ನಾನಂದ್ನಾ?"

"ಇಲ್ಲ."

"ನಾಳೆ ನನ್ ತಲೆ ಮೇಲೆ ಹಾಕ್ಬೇಡ."

"ಹಾಕಲ್ಲ. ಬಿಟ್ಟಿದ್ದು ನಾನು." ಅವನು ಉಸಿರು ಎಳೆದುಕೊಂಡ. "ಮುಂದೆ ಬಾ ಅಂದೋನೂ ನಾನೇ, ಮೇಲೆ ಹೋಗು ಅಂದೋನೂ ನಾನೇ. ನಿನ್ನ ಒಂದಿನಾನೂ ಕೇಳ್ಲಿಲ್ಲ. ಈಗ ಕೇಳ್ತೀನಿ. ನಿನ್ ಜೊತೆ ನಡೀಲಾ?"

"ಎಲ್ಲೀಗಂಟ?"

"ನೀನು ಸಾಕು ಅನ್ನೋಗಂಟ."

ಅವಳು ಅವನಿದ್ದ ಬದಿಯ ಕಂಕುಳಲ್ಲಿದ್ದ ಬಟ್ಟೆಗಂಟನ್ನು ಆಚೆ ಕಂಕುಳಿಗೆ ಬದಲಿಸಿಕೊಂಡಳು. ಬಿಡುವಾದ ಕೈ ಅವನ ಪಕ್ಕದಲ್ಲೇ ಬೀಸುತ್ತಾ ನಡೆಯಿತು. ಹೊಸಕೋಟೆ ಇನ್ನೂ ಐದು ಮೈಲಿ ಇತ್ತು.