ಅಪ್ಪನ ಕಣ್ಣಿನ ಬಿಳಿ ಉಂಗುರ

"ಅಪ್ಪಾ, ಕಣ್ಣು ಮುಚ್ಚಬೇಡ ಅಂದ್ನಲ್ಲಾ!"

"ನಾನೆಲ್ಲಿ ಮುಚ್ಚಿದೆ? ಅದೇ ಮುಚ್ಕೊಳ್ತಿದೆ ಕಣೇ!"

ಹೊಲಿಯುತ್ತಿದ್ದ ಅಪ್ಪನ ಕಣ್ಣಿಗೆ ದಾರದ ಎಳೆಯೊಂದು ಬಿದ್ದಿತ್ತು. ಚೂಟಿ ಅವನ ರೆಪ್ಪೆ ಎತ್ತಿ ಹಿಡಿದು, ಕರವಸ್ತ್ರದ ತುದಿಯಿಂದ ಮೆಲ್ಲಗೆ ಅದನ್ನು ತೆಗೆದಳು. ಆದರೂ ಕೈ ಬಿಡಲಿಲ್ಲ.

"ಅಪ್ಪಾ, ಕಪ್ಪು ಗುಡ್ಡೆ ಸುತ್ತ ಬಿಳೀ ಉಂಗುರ ಇದೆ!"

"ಚಿನ್ನದ್ದಾಗಿದ್ರೆ ನಿಮ್ಮಮ್ಮಂಗೆ ಕೊಡಬಹುದಿತ್ತು."

ಚೂಟಿ ನಗಲಿಲ್ಲ. ಕನ್ನಡಿಯಲ್ಲಿ ತನ್ನ ಕಣ್ಣು ನೋಡಿಕೊಂಡಳು. ಉಂಗುರ ಇರಲಿಲ್ಲ. ಅಮ್ಮನ ಕಣ್ಣಲ್ಲೂ ಇರಲಿಲ್ಲ. ಅವಳ ಕಾಟ ತಾಳಲಾರದೆ ಶನಿವಾರ ಅಪ್ಪ ಹೊಲಿಗೆ ಅಂಗಡಿ ಬಾಗಿಲೆಳೆದು ಕಣ್ಣಿನ ಡಾಕ್ಟರ ಹತ್ತಿರ ಹೋದ. ಚೂಟಿಯೂ ಜೊತೆಗಿದ್ದಳು.

ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿದರು. "ವಯಸ್ಸೆಷ್ಟು?"

"ಮೂವತ್ತಾರು."

"ವಯಸ್ಸಾದವರಿಗೆ ಈ ಉಂಗುರ ಬರೋದು ಮಾಮೂಲು. ನಿಮಗೆ ಇಷ್ಟು ಬೇಗ ಬಂದಿದೆ ಅಂದ್ರೆ ರಕ್ತದಲ್ಲಿ ಕೊಬ್ಬು, ಅದೇ ಕೊಲೆಸ್ಟ್ರಾಲ್, ಜಾಸ್ತಿ ಇರಬಹುದು. ನಿಮ್ಮ ತಂದೆ ಹೇಗಿದ್ದಾರೆ?"

ಅಪ್ಪನ ನಗು ಮಾಯವಾಯಿತು. "ನಲವತ್ತಕ್ಕೇ ಹೋಗ್ಬಿಟ್ರು. ಎದೆನೋವು ಅಂದ್ರು, ಅಷ್ಟೇ."

"ಹಾಗಾದ್ರೆ ಮಗಳ ರಕ್ತನೂ ಟೆಸ್ಟ್ ಮಾಡಿಸಿ. ಮಕ್ಕಳಲ್ಲಿ ಕಣ್ಣು ನೋಡಿದ್ರೆ ಗೊತ್ತಾಗಲ್ಲ."

ಸೂಜಿ ಚುಚ್ಚಿದಾಗ ಚೂಟಿ ಅಳಲಿಲ್ಲ. ಒಂದೇ ಒಂದು ಹನಿ ಕಣ್ಣೀರು ಬಂತು, ಅಷ್ಟೇ.

ಇಬ್ಬರ ರಿಪೋರ್ಟ್ ನೋಡಿ, ಅಪ್ಪನ ಎದೆಯನ್ನೂ ಪರೀಕ್ಷಿಸಿದ ಹೃದಯದ ಡಾಕ್ಟರು ಹೇಳಿದರು: "ಇಬ್ಬರಿಗೂ ಕೊಲೆಸ್ಟ್ರಾಲ್ ಜಾಸ್ತಿ ಇದೆ. ಇದು ವಂಶದಲ್ಲೇ ಬಂದದ್ದು. ಹೃದಯ ಚೆನ್ನಾಗಿದೆ, ಗಾಬರಿ ಬೇಡ. ನಿಮಗೆ ಇವತ್ತಿಂದಲೇ ಮಾತ್ರೆ. ಮಗಳಿಗೆ ಏನು ಬೇಕು ಅಂತ ಮಕ್ಕಳ ಡಾಕ್ಟರು ನೋಡ್ತಾರೆ. ಸದ್ಯ, ಬೇಗ ಗೊತ್ತಾಯ್ತು!"

ಮನೆಯ ದಾರಿಯುದ್ದಕ್ಕೂ ಅಪ್ಪ ತುಟಿ ಬಿಚ್ಚಲಿಲ್ಲ. ಚೂಟಿಗೆ ಅನಿಸಿತು: ನಾನು ನೋಡದೇ ಇದ್ದಿದ್ದರೆ ಇದೆಲ್ಲ ಇರುತ್ತಲೇ ಇರಲಿಲ್ಲವೇನೋ.

"ಅಪ್ಪಾ, ನನ್ ಮೇಲೆ ಕೋಪಾನಾ?"

ಅಪ್ಪ ನಿಂತುಬಿಟ್ಟ. "ಕೋಪಾನಾ? ನಿನ್ ಮೇಲೆ? ನನ್ನಿಂದಾನೇ ಅಲ್ವೇನೇ ನಿನಗೆ ಬಂದಿದ್ದು..."

ಚೂಟಿ ಅವನನ್ನೇ ದಿಟ್ಟಿಸಿದಳು. ಅಪ್ಪ ಇಷ್ಟು ಹೊತ್ತು ಸುಮ್ಮನಿದ್ದದ್ದು ಇದಕ್ಕಾ?

"ಈ ಮೊಂಡು ಮೂಗೂ ನಿನ್ನಿಂದಾನೇ ಬಂದಿದ್ದು. ಅದಕ್ಕೇನಾದ್ರೂ ಬೈದಿದೀನಾ?"

ಅಪ್ಪ ಫಕ್ಕನೆ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ರಸ್ತೆ ದಾಟುವಾಗ ಎಂದಿನಂತೆ ಅಪ್ಪ ಅವಳ ಕೈ ಹಿಡಿದ. ದಾಟಿದ ಮೇಲೂ ಚೂಟಿ ಬಿಡಲಿಲ್ಲ.