ಗರಿಕೆ ಒಣಗಿದ ಬದು

ಪಾಪಮ್ಮನ ಎರಡೆಕರೆ ರಾಗಿ ಒಂದೇ ವಾರದಲ್ಲಿ ಒಣಗಿ ನಿಂತಿತ್ತು. ಮನೆಯ ವರ್ಷದ ಮುದ್ದೆ ಅದು.

"ಬರ ಮೇಡಂ, ಏನ್ಮಾಡಕ್ಕಾಗ್ತದೆ?" ಎಂದರು ಪಂಚಾಯ್ತಿಯ ಮಾಜಿ ಅಧ್ಯಕ್ಷ ಆದಿನಾರಾಯಣಪ್ಪನವರು.

ನಂದಗುಡಿ ಕಡೆಯ ಆ ಊರಿಗೆ ವಿಮೆಯ ಇಳುವರಿ ಅಳೆಯಲು ಬಂದಿದ್ದ ಕೃಷಿ ಅಧಿಕಾರಿ ಇಕ್ರಾ ಹೊಲಕ್ಕಿಳಿದಳು. ರಾಗಿ ಸತ್ತಿತ್ತು. ನಡುವಿನ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಮಾತ್ರ ಹೂಬಿಟ್ಟಿದ್ದವು. ಬದುವಿನ ಅಂಚಿನಲ್ಲಿ ಗರಿಕೆಯೂ ಸತ್ತಿತ್ತು.

"ಗರಿಕೆ ಬರಕ್ಕೆ ಸಾಯ್ತದಾ ಪಾಪಮ್ಮ?"

"ಪ್ರಳಯಾದ್ರೂ ಸಾಯಾಕಿಲ್ಲ ಕಣವ್ವ."

"ಹಾಗಾದ್ರೆ ಯಾರೋ ಕಳೆ ಔಷಧಿ ಹೊಡ್ದಿದಾರೆ. ಹುಲ್ಲಿನ ಜಾತಿ ಮಾತ್ರ ಸಾಯೋ ಔಷಧಿ. ರಾಗೀನೂ ಹುಲ್ಲಿನ ಜಾತೀನೆ."

* * *

ಊರು ಬೆರಳು ತೋರಿಸಿದ್ದು ಪಾಪಮ್ಮನ ಮೈದುನ ಆಂಜಿನಪ್ಪನ ಕಡೆ. ಬದುವಿನ ಜಗಳದಲ್ಲಿ ಮಾತು ಬಿಟ್ಟವನು. ಅವನ ಕೊಟ್ಟಿಗೆಯಲ್ಲಿ ಅರ್ಧ ಕ್ಯಾನ್ ಔಷಧಿಯೂ ಸಿಕ್ಕಿತು. ಇಕ್ರಾ ಕ್ಯಾನಿನ ಮೇಲಿನ ಚೀಟಿ ಓದಿದಳು.

"ಇದು ಹಸಿರನ್ನೆಲ್ಲ ಸುಡ್ತದೆ. ಇದನ್ನ ಹೊಡ್ದಿದ್ರೆ ಅವರೆ ಉಳೀತಿರ್ಲಿಲ್ಲ."

"ಜಗಳ ಆಡ್ತೀನಿ ಮೇಡಂ. ಅನ್ನಕ್ಕೆ ವಿಷ ಹಾಕಲ್ಲ," ಎಂದ ಆಂಜಿನಪ್ಪ.

ಇಕ್ರಾ ಮತ್ತೆ ಬದು ಹಿಡಿದಳು. ದೂರದ ಹಸಿರು ಗರಿಕೆಯ ಮೇಲೆ ಮಾರು ದೂರಕ್ಕೊಂದು ಒಣ ಕಲೆ. ಸೋರುವ ಸ್ಪ್ರೇಯರ್ ಹೊತ್ತು ಯಾರೋ ನಡೆದಿದ್ದರು. ಕಲೆಗಳು ಹೋಗಿ ನಿಂತದ್ದು ಆದಿನಾರಾಯಣಪ್ಪನವರ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ. ಒಳಗೆ ಸ್ಪ್ರೇಯರ್ ಇತ್ತು, ಹುಲ್ಲಿನ ಔಷಧಿಯ ಖಾಲಿ ಕ್ಯಾನೂ ಇತ್ತು. ಹೊರಗೆ ಅವರ ಹದಿನಾಲ್ಕು ಎಕರೆಯಲ್ಲಿ ಒಂದು ಪೈರಿಲ್ಲ, ಬರೀ ಸೈಟಿನ ಕಲ್ಲು.

* * *

ಪೊಲೀಸ್ ಜೀಪು ಊರೆಲ್ಲ ನೆರೆದಿದ್ದ ಅರಳಿಕಟ್ಟೆಯ ಮುಂದೆ ನಿಂತಿತು.

"ಇಳುವರಿ ಅಳೆಯೋಕೆ ಆರಿಸಿದ ಹೊಲಗಳಲ್ಲಿ ಹಸಿರಾಗಿದ್ದಿದ್ದು ಪಾಪಮ್ಮಂದೊಂದೇ," ಎಂದಳು ಇಕ್ರಾ. "ಆ ಹೊಲಗಳ ಸರಾಸರಿ ನೋಡೇ ವಿಮೆ ಕೊಡೋದು. ಅಲ್ಲಿ ರಾಗಿ ಬಂದ್ರೆ ಇಡೀ ಪಂಚಾಯ್ತಿಗೇ ವಿಮೆ ಬರಲ್ಲ. ಈ ಆದಿನಾರಾಯಣಪ್ಪನವ್ರು ಸಬ್ಸಿಡಿ ಬೀಜ ತಗೊಂಡ್ರು, ಸಬ್ಸಿಡಿ ವಿಮೆ ಮಾಡಿಸಿದ್ರು, ಹೊಲದಲ್ಲಿ ಕಲ್ಲು ನೆಟ್ರು. ಆ ಕಲ್ಲಿಗೆ ಬರ ಪರಿಹಾರ ಬೇಕಿತ್ತು. ಅದಕ್ಕೆ ಈಯಮ್ಮನ ರಾಗಿ ಕೊಂದ್ರು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದಿನಾರಾಯಣಪ್ಪನಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಇನ್ನು ಅವನಿಗೆ ಬಹುವಚನ ದಂಡ.

"ನಾನೊಬ್ನೇ ತಿನ್ತಿದ್ನಾ? ವಿಮೆ ದುಡ್ಡು ಊರಿಗೆಲ್ಲ ಬರ್ತಿತ್ತು. ಕೇಳಿ ಇವ್ರನ್ನ!"

ಇಕ್ರಾ ಕೇಳಿದಳು. "ನಿಮಗೂ ಗೊತ್ತಿತ್ತಾ?"

ಒಬ್ಬರೂ ತಲೆ ಎತ್ತಲಿಲ್ಲ. ಅವಳಿಗೆ ಇಡೀ ಕಟ್ಟೆಯ ಮೇಲೆ ಹೇಸಿಗೆಯಾಯಿತು. ಥೂ, ಇವರೆಲ್ಲ ಪಾಪಮ್ಮನ ಮನೆಯ ಮುದ್ದೆ ಉಂಡವರೇ.

ಪಾಪಮ್ಮ ಮಡಿಲಲ್ಲಿದ್ದ ಒಣ ತೆನೆಗಳನ್ನು ಕಟ್ಟೆಯ ಮೇಲೆ ಸುರಿದಳು.

"ಬರ ಬಂದ್ರೆ ಮಳೆ ಬಂದಾಗ ಹೋಗ್ತದೆ ಕಣವ್ವ. ಇವ್ರು?"